ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ, ಇನ್ನೂ ನೀರು

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟಿನಲ್ಲಿ ಹಿಮಯುಗದಿಂದ ಹೊರಟಿದ್ದೆ. ಮೂರು ಪುಟ ಕಳೆದರೂ ಮನುಷ್ಯರ ಸುಳಿವಿಲ್ಲ. ಹರಿದೆ. ಫ್ರೀಜರಿನಿಂದಲೇ ಹೊರಡೋಣ.

೧. ಕಾಲೇಜಿನ ಭೌತಶಾಸ್ತ್ರ ಲ್ಯಾಬು. ಹಳೆಯ ಫ್ರೀಜರಿನಲ್ಲಿ ಶುದ್ಧ ನೀರಿನ ಮೂರು ಬಾಟಲಿ. ಸೊನ್ನೆಗಿಂತ ಏಳು ಡಿಗ್ರಿ ಕೆಳಗಿದ್ದರೂ ನೀರು ನೀರಾಗಿಯೇ ಇದೆ. ಹೆಪ್ಪುಗಟ್ಟಲು ಮೊದಲೊಂದು ಹರಳು ಹುಟ್ಟಬೇಕು; ಧೂಳಿಲ್ಲ, ಅಲುಗಾಟವಿಲ್ಲ, ಅದಕ್ಕೆ ನೆಪ ಸಿಕ್ಕಿಲ್ಲ. ಒಂದು ಏಟು ಬಿದ್ದರೆ ಸಾಕು, ನೋಡನೋಡುತ್ತ ಬಾಟಲಿಯೆಲ್ಲ ಬೆಳ್ಳಗಾಗುತ್ತದೆ. (ಇಷ್ಟು ವಿಜ್ಞಾನ. ಉಳಿದದ್ದಕ್ಕೆ ನನ್ನನ್ನು ಬೈಯಿರಿ.)

೨. ಈ ಲ್ಯಾಬನ್ನು ಹತ್ತೊಂಬತ್ತು ವರ್ಷ ಸಾಕಿದವರು ಮೇಡಂ. ಇವತ್ತು ಹನ್ನೊಂದಕ್ಕೆ ಪ್ರಿನ್ಸಿಪಾಲರು ಬರುತ್ತಾರೆ. ಮುರಿದ ಬೆಂಚುಗಳನ್ನಿಡಲು ಅವರಿಗೊಂದು ಕೋಣೆ ಬೇಕಾಗಿದೆ.

ಇಲ್ಲಿ ಅಟೆಂಡರ್ ಎಡವಿ ಒಂದು ಬಾಟಲಿ ಬೀಳಿಸುತ್ತಾರೆ ಎಂದು ಬರೆದೆ. ಯಾರು ಓಡಿದರೂ ತಡೆಯುವ ಅವರಿಗೆ ಕಾಲೇಜು ಇಟ್ಟ ಹೆಸರು ಮೆಲ್ಲಗಣ್ಣ. ಅವರು ಪುಟದಿಂದ ತಲೆಯೆತ್ತಿದರು.

"ನಗಿಸಬೇಕು ಅಂದ್ರೆ ಅಟೆಂಡರೇ ಎಡವಬೇಕಾ ಸಾರ್? ಮೂವತ್ತು ವರ್ಷದಲ್ಲಿ ಒಂದು ಟೆಸ್ಟ್‌ಟ್ಯೂಬ್ ಒಡೆದಿಲ್ಲ ನಾನು."

ನಾಚಿಕೆಯಾಯಿತು. ಪ್ಯಾರಾ ಹೊಡೆದುಹಾಕಿದೆ. ನಿಜವಾಗಿ ಆದದ್ದೇನೆಂದರೆ, ಮೇಡಂ ಅವರೇ ಅವಸರದಲ್ಲಿ ಎತ್ತಿದ ಬಾಟಲಿ ಫ್ರೀಜರಿನ ಅಂಚಿಗೆ ತಗುಲಿತು. ಸರಕ್ಕನೆ ಬಿಳಿ.

"ಮೆಲ್ಲಗೆ, ಮೇಡಂ," ಎಂದರು ಮೆಲ್ಲಗಣ್ಣ.

೩. (ನೀರಿನ ಮೇಲೊಂದು ಕವಿತೆ ಇತ್ತು. ಇರಲಿಲ್ಲ ಅಂದುಕೊಳ್ಳಿ.)

೪. ಪ್ರಿನ್ಸಿಪಾಲರು ಬಂದರು. ಮೇಡಂ ಎರಡನೆಯ ಬಾಟಲಿಯನ್ನು ಮೇಜಿಗೆ ಕುಟ್ಟಿದ ಕ್ಷಣದಲ್ಲೇ ಪ್ರಿನ್ಸಿಪಾಲರ ಫೋನ್ ಹೊಡೆದುಕೊಂಡಿತು. ನೋಡಿ, ಜೇಬಿಗಿಟ್ಟು, ತಲೆಯೆತ್ತುವಷ್ಟರಲ್ಲಿ ಬಾಟಲಿ ಬೆಳ್ಳಗಾಗಿ ಮುಗಿದಿತ್ತು.

"ಐಸು. ನಮ್ಮನೇಲೂ ಇದೆ."

ಈಗ ಮೇಡಂ ಅಳಬೇಕು ಎಂದುಕೊಂಡೆ.

"ನಾನು ಅಳಲ್ಲ," ಎಂದರು ಮೇಡಂ ನನಗೆ. "ಬೇಕಿದ್ರೆ ನೀವು ಅಳಿ." ಆಮೇಲೆ ಮೂರನೆಯ ಬಾಟಲಿಯ ಮುಚ್ಚಳವನ್ನು ಮಲಗಿದ ಮಗು ಏಳದ ಹಾಗೆ ತಿರುಗಿಸಿ ತೆಗೆದು, ಮುಂದೆ ಚಾಚಿದರು. "ಮೆಟ್ಟಿಲು ಹತ್ತಿ ಬಂದಿದ್ದೀರಿ ಸರ್. ನೀರು ಕುಡೀರಿ."

"ಥ್ಯಾಂಕ್ಸ್. ಈ ಕೋಣೆ ವಿಷಯ ನಾನು ಏನು ತೀರ್ಮಾನ ಮಾಡಿದೀನಿ ಅಂದ್ರೆ..." ಎನ್ನುತ್ತ ಅವರು ಬಾಟಲಿ ಎತ್ತಿದರು.

ನೀರು ನಾಲಿಗೆ ಮುಟ್ಟಿದ್ದೇ ತಡ, ಬಾಯಿ ತುಂಬ ತರಿತರಿ ಹಿಮ. ಕೆನ್ನೆ ಉಬ್ಬಿತು. ಕಣ್ಣು ಕೈಯಲ್ಲಿದ್ದ ಬಾಟಲಿಯತ್ತ ಹೊರಳಿತು. ಅಲ್ಲೂ ಬಿಳುಪು ಮೇಲಿಂದ ಕೆಳಗೆ ಇಳಿಯುತ್ತಿತ್ತು. ತೀರ್ಮಾನ ಎಲ್ಲೋ ಹಲ್ಲಿನ ಹಿಂದೆ ಸಿಕ್ಕಿಕೊಂಡಿತ್ತು. ಮೆಲ್ಲಗಣ್ಣ ಗೋಡೆ ಕಡೆ ತಿರುಗಿ ಕೆಮ್ಮಿದರು.

ಕೊನೆಗೂ ನುಂಗಿದರು. "ಇದು ಈಗಷ್ಟೇ ನೀರಾಗಿತ್ತಲ್ಲ?"

"ಹೌದು ಸರ್."

ಅವರು ಸ್ಟೂಲ್ ಎಳೆದುಕೊಂಡು ಕೂತರು. "ಹೇಗೆ?"

ಮೇಡಂ ಚಾಕ್‌ಪೀಸ್ ಕೈಗೆತ್ತಿಕೊಂಡರು.

೫. ಅಂತ್ಯ ಒಂದು: ಲ್ಯಾಬು ಉಳಿಯಿತು. (ಸಕ್ಕರೆ ಜಾಸ್ತಿ.) ಅಂತ್ಯ ಎರಡು: ಸೋಮವಾರ ಬೆಂಚುಗಳು ಬಂದವು. (ಮೆಲ್ಲಗಣ್ಣ ನನ್ನ ಜೊತೆ ಮಾತು ಬಿಟ್ಟರು.) ಎರಡನ್ನೂ ಹರಿದೆ. ಹಾಗಾದರೆ ಆ ಕೋಣೆ ಏನಾಯಿತು ಅಂತೀರಾ? ಪ್ರಿನ್ಸಿಪಾಲರನ್ನು ಕೇಳೋಣವೆಂದು ನಾನೇ ಒಳಗೆ ಹೋದೆ. ಪಾಠ ನಡೆಯುತ್ತಿತ್ತು. ಅಟೆಂಡರ್ ತುಟಿಯ ಮೇಲೆ ಬೆರಳಿಟ್ಟು, ಹಿಂದಿನ ಸಾಲಿನಲ್ಲಿ ನನಗೊಂದು ಜಾಗ ತೋರಿಸಿದರು.