ಗೋಪುರ ಮರೆಮಾಡಿದ ಮಹಡಿ

ಹಡಗಿನ ದುಡ್ಡು ಆ ಊರಿಗೆ ಉಕ್ಕಿ ಬರುತ್ತಿದ್ದ ಕಾಲ. ಸಾಹುಕಾರರಿಗೆಲ್ಲ ಮನೆ ಎತ್ತರಿಸುವ ಹುಚ್ಚು; ಒಬ್ಬ ಮಹಡಿ ಕಟ್ಟಿದರೆ ಇನ್ನೊಬ್ಬನಿಗೆ ನಿದ್ದೆ ಹತ್ತದು. ಮೆಣಸಿನ ಸಾಹುಕಾರನ ಹೆಂಡತಿಗೆ ಮಾತ್ರ ಆ ಜಂಬ ಇರಲಿಲ್ಲ, ಪಾಪ. ಇರುವ ಒಬ್ಬನೇ ಮಗ ಮೊದಲ ಸಲ ತಾನೇ ಚುಕ್ಕಾಣಿ ಹಿಡಿದು ಹೋಗಿದ್ದ. ಅವನ ಹಡಗು ಬರುವುದನ್ನು ಕಣ್ತುಂಬ ನೋಡಬೇಕು, ಅಷ್ಟೇ. "ಕಡಲು ಕಾಣೋ ಹಾಗೆ ಮೇಲೊಂದು ಕೋಣೆ ಕಟ್ಟಿಸ್ರೀ" ಎಂದು ಗಂಡನ ತಲೆ ತಿಂದಳು. ಹಡಗುಗಳೆಲ್ಲ ಹೊರಗಿದ್ದ ತಿಂಗಳುಗಳಲ್ಲಿ ಕೋಣೆ ಎದ್ದು ನಿಂತಿತು.

ಮಗನ ಹಡಗು ಕಂಡ ಮಧ್ಯಾಹ್ನ ಅವಳು ಕಿಟಕಿ ಬಿಟ್ಟು ಅಲುಗಲಿಲ್ಲ. ಅದೇ ಹೊತ್ತಿಗೆ ಮೈದುನ ದೂರದೂರಿನ ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದಿಳಿದ. ಹಡಗು ನಡೆಸಿ ನಡೆಸಿ ಮಂಡಿ ಸವೆದವನು. ಬೀದಿಯಿಂದ ಮನೆಯನ್ನು ನೋಡಿದ್ದೇ ಗಂಟು ಅಲ್ಲೇ ಬಿಸಾಡಿ, ನೋವು ಮರೆತು ಮೆಟ್ಟಿಲು ಹತ್ತಿದ.

"ಅತ್ತಿಗೆ, ಯಾರು ಕಟ್ಟಿಸಿದ್ದು ಇದನ್ನ?"

"ನಾನೇ ಹಟ ಮಾಡಿದ್ದು. ಬಾರಪ್ಪಾ, ನಿಮ್ಮಣ್ಣನ ಮಗ ಬರ್ತಿದ್ದಾನೆ ನೋಡು!"

"ಅಯ್ಯೋ, ಕೆಟ್ವಲ್ಲ! ಮನೆ ಹಿಂದಿನ ಗಂಟೆಗೋಪುರ ಮರೆಯಾಯ್ತಲ್ಲ! ಕಡಲಿಂದ ನೋಡಿದ್ರೆ ನಮ್ಮನೆ ಮಾಡಿನ ಮೇಲೆ ಗೋಪುರ ನೆಟ್ಟಗೆ ಕಂಡ್ರೇನೇ ನೀರೊಳಗಿನ ಬಂಡೆ ತಪ್ಪೋದು. ಬೇರೆ ಗುರುತು ನಂಬಬೇಡ ಅಂತ ನಾನೇ ಅವನಿಗೆ ಹೇಳ್ಕೊಟ್ಟಿದ್ದು."

ಊರಿನ ದೊಡ್ಡ ಮನುಷ್ಯರಿಗೆ ಇದು ಹೊಳೆಯಲಿಲ್ಲವೇ? ಹೇಗೆ ಹೊಳೆಯಬೇಕು! ದಡದಲ್ಲಿ ಕೂತು ಲಾಭ ಎಣಿಸುವವರಿಗೆ, ಕಡಲಿನಿಂದ ತಮ್ಮೂರು ಹೇಗೆ ಕಾಣುತ್ತದೆಂದು ಯೋಚಿಸುವ ದರ್ದೇನು? ಬಲ್ಲವರೆಲ್ಲ ಹಡಗಿನ ಮೇಲಿದ್ದರು.

ಮೈದುನ ದೋಣಿ ಕಳಿಸಲು ಓಡಿದ. ಅವಳು ಹಾಸಿಗೆಯ ಬಿಳಿ ಹೊದಿಕೆ ಎಳೆದು ಕಿಟಕಿಯಿಂದ ಬೀಸಿದಳು. "ಬರಬೇಡ ಕಂದಾ, ಬರಬೇಡ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಅಮ್ಮ ಖುಷಿಗೆ ಬೀಸುತ್ತಿದ್ದಾಳೆಂದುಕೊಂಡನೋ ಏನೋ, ಹಡಗಿನ ಮೇಲಿಂದಲೂ ಒಂದು ಬಟ್ಟೆ ಹಾರಾಡಿತು. ಹಿಂದಿನಿಂದ ಗಾಳಿ ಹಡಗನ್ನು ತಳ್ಳುತ್ತಿತ್ತು. ಗೋಪುರ ಹುಡುಕುತ್ತ ಅದು ಅತ್ತ ತಿರುಗಿತು, ಇತ್ತ ತಿರುಗಿತು. ದೋಣಿ ದಡ ಬಿಡುವಷ್ಟರಲ್ಲಿ ಹಡಗು ಬಂಡೆಗೆ ಬಡಿದು ಮಗುಚಿತು.

ಒಬ್ಬನೂ ಉಳಿಯಲಿಲ್ಲ. ಗಂಡ ಅಂಗಳದಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದ. ಅವಳು ಕಿಟಕಿಯ ಕೆಳಗೆ ಕುಸಿದಿದ್ದಳು. ಹೆತ್ತ ಮಗನನ್ನು ನಾನೇ ನುಂಗಿದೆನಲ್ಲ ಎಂಬ ಸಂಕಟಕ್ಕೆ ಅಳುವೂ ಬರಲಿಲ್ಲ. ಮೈದುನ ಒದ್ದೆ ಬಟ್ಟೆಯಲ್ಲೇ ಬಂದು ಎದುರು ನಿಂತ.

"ಅತ್ತಿಗೆ, ಹೇಳೋಕೆ ಬಾಯಿ ಬರಲ್ಲ. ಹಿಂದೆ ಇನ್ನೆರಡು ಹಡಗು ಕಾಣ್ತಿವೆ."

ಅವಳು ಗೋಡೆ ಹಿಡಿದು ಎದ್ದಳು. ಮಂಚ ಹತ್ತಿ ನಿಂತು, ಮಾಡಿನ ಮೊದಲ ಹೆಂಚನ್ನು ತಾನೇ ಕಿತ್ತು ಬೀದಿಗೆ ಎಸೆದಳು.

"ಬನ್ರೋ, ಬೇಗ ಒಡೀರಿ! ಅವರಮ್ಮಂದಿರು ಕಾಯ್ತಿದ್ದಾರೆ."