ಒಂದೇ ಎಳೆತಕ್ಕೆ ಬಿಚ್ಚುವ ಜಡೆ

ರಾಜನ ಮೇಲಂಗಿಯ ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು. ನಮ್ಮ ಕಂಪನಿಯಲ್ಲಿ ನಾಟಕ ಆಡಿಸುವವರು ಅವರು. ವೇಷದ ಬಟ್ಟೆ ಒಗೆಯುವವಳು ನಾನು.

“ಅಜ್ಜಿ, ರಾಣಿ ಜಡೆ ಏನಾಯ್ತು?”

“ಕೈಗೂಡ್ತಾ ಇದೆ ಮೇಷ್ಟ್ರೇ.”

“ಹೋದ ವಾರಾನೂ ಹೀಗೇ ಅಂದ್ರಿ. ಶನಿವಾರ ಮೊದಲ ಆಟ. ಗುರುವಾರದ ತಾಲೀಮಲ್ಲಿ ಸರಿ ಬರ್ಲಿಲ್ಲ ಅಂದ್ರೆ ಹೊರಗಿನವರನ್ನ ಕರೆಸ್ತೀನಿ. ಆಮೇಲೆ ಆ ಕೋಣೆ ಅವರದ್ದೇ, ಬೇಜಾರು ಮಾಡ್ಕೋಬಾರ್ದು.”

ಆ ಕೋಣೆ ಎಂದರೆ ರಂಗದ ಹಿಂದಿರುವ ಜಡೆ ಕೋಣೆ. ಸುತ್ತ ಬಲ್ಬು ಹಾಕಿದ ಕನ್ನಡಿ, ತಿರುಗುವ ಕುರ್ಚಿ, ಎಲ್ಲಕ್ಕಿಂತ ಮುಖ್ಯವಾಗಿ ಒಣ ನೆಲ. ಒದ್ದೆ ನೆಲದ ಮೇಲೆ ನಿಂತೇ ಮುದುಕಿಯಾದ ನನಗೆ ಆ ಒಣ ನೆಲದ ಮೇಲೆ ಬಹಳ ದಿನದಿಂದ ಕಣ್ಣಿತ್ತು.

ಅಲ್ಲಿದ್ದವಳು ಜಡೆಯಕ್ಕ. ಬೆರಳ ಗಂಟುಗಳು ಬಾತುಕೊಂಡು ಬಾಚಣಿಗೆ ಹಿಡಿಯಲಾಗದೆ ಮಗಳ ಮನೆಗೆ ಹೊರಟುಹೋದಳು. ಹೋಗುವ ಮೊದಲು ಐದು ಕಾಲಿನ ಜಡೆ, ಮೀನಿನ ಬಾಲದ ಜಡೆ, ತಲೆಯ ಸುತ್ತ ಕಿರೀಟದಂತೆ ಕೂರುವ ಜಡೆ, ಎಲ್ಲವನ್ನೂ ನನ್ನ ಕೈಗೆ ಹತ್ತಿಸಿದ್ದಳು. ರಾಣಿ ಜಡೆಯೊಂದನ್ನು ಮಾತ್ರ ಒಮ್ಮೆ ತೋರಿಸುವಷ್ಟೇ ಸಮಯವಿತ್ತು.

ನಾಟಕದ ಕೊನೆಯಲ್ಲಿ ಮಗ ಸತ್ತ ಸುದ್ದಿ ಕೇಳಿ ರಾಣಿ ಜಡೆಗೆ ಕೈ ಹಾಕಿ ಎಳೆಯುತ್ತಾಳೆ. ಒಂದೇ ಎಳೆತಕ್ಕೆ ಕೂದಲೆಲ್ಲ ಬಿಚ್ಚಿ ಬೆನ್ನ ಮೇಲೆ ಸುರಿಯಬೇಕು. ಅಲ್ಲಿಯವರೆಗೆ ಅವಳು ಓಡಲಿ, ಕುಣಿಯಲಿ, ಜಡೆ ಹಗ್ಗದ ಹಾಗಿರಬೇಕು. ಇದರಲ್ಲಿ ಹೆಣೆಯಲು ಕಾಲುಗಳೇ ಇಲ್ಲ. ಕುತ್ತಿಗೆಯ ಬಳಿ ಕೂದಲನ್ನು ಕುಣಿಕೆ ಮಾಡಿ, ಅದರೊಳಗಿಂದ ಇನ್ನೊಂದು ಕುಣಿಕೆ ಎಳೆದು, ಅದರೊಳಗಿಂದ ಮತ್ತೊಂದು, ಹೀಗೇ ಕೆಳಗಿನವರೆಗೆ. ಹಿಟ್ಟಿನ ಚೀಲದ ಬಾಯಿ ಹೊಲಿದಿರುತ್ತಾರಲ್ಲ, ಹಾಗೆ. ಕೊನೆಯ ಕುಣಿಕೆಗೆ ಒಂದು ಹೇರ್‌ಪಿನ್. ಅದನ್ನು ಕಿತ್ತು ತುದಿ ಎಳೆದರೆ ಸರ್ರನೆ ಬಿಚ್ಚಬೇಕು.

ಮಗಳ ಮನೆಯಿಂದ ಜಡೆಯಕ್ಕ ಕಾಗದ ಬರೆದಿದ್ದಳು. “ರಾಣಿ ಜಡೆ ಬಂತಾ? ಬಂದಿದ್ದರೆ ಬರೆ. ಬಂದಿಲ್ಲದಿದ್ದರೆ ಬಂದ ಮೇಲೆ ಬರೆ.” ತಿಂಗಳುಗಳೇ ಕಳೆದರೂ ನಾನು ಉತ್ತರ ಬರೆದಿರಲಿಲ್ಲ.

“ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲ್ತಿದ್ದು ಕಾಗದಾನ ದಿಂಬಿನ ಕೆಳಗೆ ಇಟ್ಕೊಳ್ಳೋಕಾ ಅತ್ತೆ?” ಎಂದು ಸೊಸೆ ಚುಚ್ಚುತ್ತಿದ್ದಳು.

“ಅಲ್ಲಿ ಸುಳ್ಳು ಬರೆಯೋದು ಕಲಿಸ್ಲಿಲ್ಲ ಕಣೇ.”

ಮೊದಮೊದಲು ಬಟ್ಟೆ ಒಣಹಾಕುವ ಹಗ್ಗವನ್ನು ಕಿಟಕಿ ಸರಳಿಗೆ ಕಟ್ಟಿ ಅಭ್ಯಾಸ ಮಾಡಿದೆ. ಹಗ್ಗ ಹೇಳಿದ ಮಾತು ಕೇಳಿತು. ಆಮೇಲೆ ಸೊಸೆಯ ತಲೆಗೆ ಕೈ ಹಾಕಿದೆ.

“ಅತ್ತೆ, ಇದು ಕತ್ತು. ಕಿಟಕಿ ಸರಳಲ್ಲ.”

ಬಿಗಿ ಮಾಡಿದರೆ ಕುಣಿಕೆಗಳು ಒಂದನ್ನೊಂದು ಕಚ್ಚಿಕೊಂಡು ನಡುವೆಯೇ ಸಿಕ್ಕಾಗುತ್ತಿತ್ತು. ಸಡಿಲ ಮಾಡಿದರೆ ಅವಳು ಪಾತ್ರೆ ತೊಳೆದು ಮುಗಿಸುವುದರೊಳಗೆ ಜಡೆ ತಾನಾಗಿಯೇ ಬಿಚ್ಚಿಕೊಂಡು ಸಿಂಕಿಗೆ ಇಳಿಯುತ್ತಿತ್ತು. ಆದರೂ ಅವಳು ದಿನಾ ಕೆಲಸದಿಂದ ಬಂದು ಮುಖ ತೊಳೆದು, ಗೊಣಗುತ್ತಲೇ ನನ್ನ ಮುಂದೆ ಬೆನ್ನು ಹಾಕಿ ಕೂರುತ್ತಿದ್ದಳು. ಒಂದು ಸಂಜೆ ಆಫೀಸಿನ ಜಗಳವನ್ನು ಅವಳು ಹೇಳುತ್ತಾ, ನಾನು ಹೂಂಗುಡುತ್ತಾ ಇದ್ದಾಗ ಬೆರಳಿಗೆ ಹದ ಸಿಕ್ಕಿಬಿಟ್ಟಿತು. ಕೂದಲಿಗೆ ತುಸು ನೀರು ಚಿಮುಕಿಸಬೇಕು. ಕುಣಿಕೆ ಒಳಗಿಟ್ಟ ಎರಡು ಬೆರಳನ್ನು ಮುಟ್ಟಬೇಕು, ಹಿಡಿಯಬಾರದು. ಎಳೆದೆ. ಬಿಚ್ಚಿತು. ಸೊಸೆ ಹಿಂದೆ ತಿರುಗಿ, “ಮತ್ತೆ ಹಾಕಿ, ಜಗಳ ಇನ್ನೂ ಮುಗಿದಿಲ್ಲ,” ಎಂದಳು.

ಗುರುವಾರ ರಾಣಿ ವೇಷದ ಹುಡುಗಿಗೆ ಜಡೆ ಹಾಕಿದೆ. ಓಡಿದಳು, ಕುಣಿದಳು; ಜಡೆ ಜಗ್ಗಲಿಲ್ಲ. ಕೊನೆಯ ದೃಶ್ಯ ಬಂತು. ಎಳೆದಳು. ಬಿಚ್ಚಲಿಲ್ಲ. ಮತ್ತೆ ಎಳೆದಳು. ಎರಡೂ ಕೈಯಲ್ಲಿ ಎಳೆದಳು.

ಪಕ್ಕದಲ್ಲಿ ಶೋಕಿಸುತ್ತಾ ನಿಂತಿದ್ದ ರಾಜ ಅದೇ ಗಂಭೀರ ದನಿಯಲ್ಲಿ, “ಮಹಾರಾಣಿ, ಕತ್ತರಿ ತರಿಸಲೇ?” ಎಂದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಓಡಿಹೋಗಿ ನೋಡುತ್ತೇನೆ, ತುದಿಗೆ ರಬ್ಬರ್ ಬ್ಯಾಂಡು. ಮಗಳಿಗೆ, ಮೊಮ್ಮಕ್ಕಳಿಗೆ ಜಡೆ ಹಾಕಿ ಹಾಕಿ, ಜಡೆ ಮುಗಿದ ಕೂಡಲೇ ಮಣಿಕಟ್ಟಿನಿಂದ ರಬ್ಬರ್ ಬ್ಯಾಂಡು ಕಿತ್ತು ಬಿಗಿಯುವುದು ನನ್ನ ಕೈಗೆ ಅಂಟಿಬಿಟ್ಟಿತ್ತು. ಪಿನ್ನು ನನ್ನ ಬಾಯಲ್ಲೇ ಇತ್ತು.

ಮೇಷ್ಟ್ರು ನಗಲಿಲ್ಲ. ಜೇಬಿನಿಂದ ಫೋನು ತೆಗೆದರು.

“ಮೇಷ್ಟ್ರೇ, ತಲೆ ನಂದು,” ಎಂದಳು ರಾಣಿ. “ಎಲ್ರೂ ಟೀ ಕುಡ್ದು ಬನ್ನಿ. ಅಷ್ಟರಲ್ಲಿ ಅಜ್ಜಿ ಇನ್ನೊಂದ್ಸಲ ಹಾಕ್ಲಿ.”

ಮಣಿಕಟ್ಟಿನಲ್ಲಿದ್ದ ರಬ್ಬರ್ ಬ್ಯಾಂಡುಗಳನ್ನೆಲ್ಲ ಕಳಚಿ ರಾಜನ ಕೈಗೆ ಹಾಕಿದೆ. “ಮಹಾರಾಜರೇ, ಇವು ನಿಮ್ಮ ಖಜಾನೆಲಿರ್ಲಿ. ನಾನು ಬೇಡಿದ್ರೂ ಕೊಡ್ಬೇಡಿ.”

ಟೀ ಮುಗಿಯಿತು. ದೃಶ್ಯ ಮತ್ತೆ ಶುರುವಾಯಿತು. ರಾಣಿ ಎಳೆದಳು. ಕೂದಲು ಸೊಂಟದವರೆಗೆ ಒಮ್ಮೆಗೇ ಜಾರಿತು. ಮೇಷ್ಟ್ರು ಫೋನನ್ನು ಜೇಬಿಗಿಳಿಸಿ, “ಶನಿವಾರ ಬಟ್ಟೆ ಬೇರೆಯವರು ಒಗೀಲಿ. ನೀವು ಇಲ್ಲೇ ಇರಿ,” ಎಂದರು.

ಶನಿವಾರ ಪರದೆಯ ಅಂಚಿನಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಜೀವ ಬಾಯಿಗೆ ಬಂದಿತ್ತು ಎಂದರೆ ಸುಳ್ಳು, ಕೈಗೆ ಗೊತ್ತಿತ್ತು. ರಾಣಿಯ ಕೂದಲು ಬಿಚ್ಚಿಕೊಂಡ ಕ್ಷಣ ತುಂಬಿದ ಸಭೆ ಉಸಿರೆಳೆದುಕೊಂಡ ಸದ್ದು ನನ್ನವರೆಗೆ ಬಂತು. ಅಲ್ಲಿದ್ದವರೆಲ್ಲ ಅವಳ ದುಃಖಕ್ಕೆ ಅಳುತ್ತಿದ್ದಾಗ ಕತ್ತಲಲ್ಲಿ ಒಬ್ಬಳೇ ಹಲ್ಲು ಬಿಟ್ಟುಕೊಂಡು ಕೂತಿದ್ದವಳು ನಾನು.

ಮರುದಿನ ಬೆಳಿಗ್ಗೆ ಜಡೆ ಕೋಣೆಯ ಬಾಗಿಲು ತೆಗೆದು, ತಿರುಗುವ ಕುರ್ಚಿಯಲ್ಲಿ ಕೂತು ಬರೆದೆ. “ಅಕ್ಕಾ, ಬಂತು.” ಅಲ್ಲಿಗೇ ನಿಲ್ಲಿಸಬೇಕೆಂದಿದ್ದೆ, ಕೈ ಕೇಳಲಿಲ್ಲ. ನನ್ನನ್ನು ಮನೆಗೆ ಕರೆದೊಯ್ಯಲು ಬಂದ ಸೊಸೆ ಹಾಳೆಗಳನ್ನು ಮಡಚುತ್ತಾ ಕೇಳಿದಳು:

“ಬಂತು ಅನ್ನೋಕೆ ಇಷ್ಟು ಹಾಳೆನಾ ಅತ್ತೆ?”

“ಹೇಗೆ ಬಂತು ಅಂತ ಅವಳಿಗೆ ಬೇಡ್ವಾ?”

ಲಕೋಟೆ ಉಬ್ಬಿತ್ತು. ಬೀದಿ ಕೊನೆಯ ಅಂಚೆ ಡಬ್ಬದ ಬಾಯಲ್ಲಿ ಸಿಕ್ಕಿಕೊಂಡಿತು. ಅಂಗೈಯಿಂದ ಒಂದು ಗುದ್ದು ಕೊಟ್ಟೆ. ಒಳಗೆ ಬಿತ್ತು.