ಕಿಟಕಿಯಿಂದ ಬಂದ ಜ್ವರವಲ್ಲ

ನಮ್ಮೂರಿನಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ಎಲ್ಲರೂ ಮೊದಲು ನೋಡುವುದು ಕಿಟಕಿಯನ್ನು. ಎರಡು ಕಿಟಕಿಗಳು ಎದುರುಬದುರಾಗಿ ತೆರೆದಿದ್ದರೆ ಮುಗಿಯಿತು, ಅಡ್ಡಗಾಳಿ ಹೊಡೆದಿದೆ ಎನ್ನುತ್ತಾರೆ. ಹಲ್ಲುನೋವು, ಸೊಂಟನೋವು, ಕಿವಿನೋವು, ಎಲ್ಲಕ್ಕೂ ಅದೇ ಕಾರಣ. ಮೊರಾವಾ ನದಿಯ ಈ ದಡದಲ್ಲಿ ನಾನೂ ಅದನ್ನೇ ನಂಬಿಕೊಂಡು ಮುದುಕನಾದೆ.

ಕಳೆದ ಶರತ್ಕಾಲದಲ್ಲಿ ಜಿವಾದಿನ್‌ನ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಕ್ಯಾನ್ಸರ್. ಅವನ ಮದುವೆಗೆ ಸಾಕ್ಷಿಯಾಗಿ ನಿಂತವನು ನಾನು. ಹಾಗೆ ನಿಂತವರು ನಮ್ಮಲ್ಲಿ ಸಾಯುವವರೆಗೂ ಪರಸ್ಪರ ‘ಕೂಮ’ರು, ಆ ನಂಟು ರಕ್ತಸಂಬಂಧಕ್ಕಿಂತ ಕಡಿಮೆಯದಲ್ಲ. ಅದೇ ವರ್ಷ ಈಸ್ಟರಿಗೆ ಮುಂಚಿನ ಉಪವಾಸದಲ್ಲಿ ನನ್ನ ಹೆಂಡತಿ ಲೆಪೊಸಾವಾ ಇದೇ ಕಾಯಿಲೆಯಿಂದ ತೀರಿಕೊಂಡಿದ್ದಳು. ಚರ್ಚಿನಲ್ಲಿ ಸತ್ತವರಿಗೆಂದು ಇರುವ ಜಾಗದಲ್ಲಿ ಒಂದು ಮೇಣದಬತ್ತಿ, ಬದುಕಿರುವವರಿಗೆಂದು ಬೇರೆಯೇ ಇರುವ ಜಾಗದಲ್ಲಿ ಇನ್ನೊಂದು ಹಚ್ಚಿದೆ. ಎರಡನೆಯದು ಮೊದಲನೆಯದರ ಪಕ್ಕಕ್ಕೆ ಹೋಗದಿರಲಿ ಎಂದು ಬೇಡಿಕೊಂಡೆ.

ಪಟ್ಟಣದ ಆಸ್ಪತ್ರೆಯಲ್ಲಿ ಗಡ್ಡೆಯನ್ನು ತೆಗೆದರು. ಗಾಯ ಚೆನ್ನಾಗಿ ಮಾಯಲಿ, ಆಮೇಲೆ ಕೆಲವು ತಿಂಗಳು ಔಷಧ ಏರಿಸುತ್ತೇವೆ, ರೋಗ ಮರಳದಿರಲು ಅದು ಬೇಕು ಎಂದು ಹೇಳಿ ಮನೆಗೆ ಕಳಿಸಿದರು. ಆದರೆ ಅವನ ಜೊತೆಯಲ್ಲಿ ಬಂದ ಸೂಚನೆಗಳನ್ನು ಕೇಳಿ ನಮಗೆಲ್ಲ ತಲೆ ಕೆಟ್ಟುಹೋಯಿತು. ನಾವು ತಿಳಿದುಕೊಂಡಿದ್ದೆಲ್ಲ ತಲೆಕೆಳಗಾಗಿತ್ತು.

ಅವನ ಹೆಂಡತಿ ಮಿಲೆವಾ ಬೇಲಿಯ ಹತ್ತಿರ ನನ್ನನ್ನು ತಡೆದು ಗೋಳಾಡಿದಳು.

“ಕೂಮಾ, ಹೊಟ್ಟೆ ಕೊಯ್ದ ಮಾರನೇ ದಿನಾನೇ ಎದ್ದು ನಡಿ ಅಂದ್ರಂತೆ! ನಮ್ಮಮ್ಮನಿಗೆ ಆಪರೇಷನ್ ಆದಾಗ ವಾರಗಟ್ಟಲೆ ಮಲಗಿಸಿದ್ರು. ಆಪರೇಷನ್ನಿಗೆ ಮುಂಚೆ ಹೊಟ್ಟೆ ಕೂದಲು ನಾನು ಬೋಳಿಸ್ತೀನಿ ಅಂದ್ರೆ, ಕ್ಷೌರದ ಕತ್ತಿ ಮುಟ್ಟಲೇಬೇಡಿ, ಸಣ್ಣ ಗಾಯ ಆದ್ರೂ ಅದರಲ್ಲಿ ಕ್ರಿಮಿ ಸೇರುತ್ತೆ ಅಂದ್ರು. ಕೊಯ್ಯೋಕೆ ಮುಂಚೆ ಒಂದು ಆಂಟಿಬಯೋಟಿಕ್ ಸೂಜಿ ಚುಚ್ಚಿದ್ರು, ಅಷ್ಟೇ. ಆಮೇಲೆ ಒಂದು ಮಾತ್ರೇನೂ ಇಲ್ಲ. ಅಮ್ಮನಿಗೆ ವಾರ ಪೂರ್ತಿ ಕೊಟ್ಟಿದ್ರು. ಇವರಿಗೇನು ಔಷಧಿಗೂ ಬರಗಾಲವಾ?”

“ನನಗೇನು ಗೊತ್ತಮ್ಮಾ,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಜಿವಾದಿನ್‌ನ ಮನೆಯ ಕುಲಸಂತ ಲೂಕ. ಸಂತನ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ನೆನಪಿರುವವರೆಲ್ಲ ಬರುತ್ತಾರೆ. ಅತಿಥಿಗಳು ಎದ್ದುಹೋಗುವ ತನಕ ಮನೆಯ ಯಜಮಾನ ಕೂರುವಂತಿಲ್ಲ. ಉರಿಯುವ ಮೇಣದಬತ್ತಿಯ ಪಕ್ಕದಲ್ಲಿ ನಿಂತೇ ಇರಬೇಕು, ನಿಂತೇ ಬಡಿಸಬೇಕು. ಜಿವಾದಿನ್ ತನ್ನ ತಂದೆ ಸತ್ತ ವರ್ಷದಿಂದ ಒಮ್ಮೆಯೂ ಕೂತವನಲ್ಲ.

ಹಬ್ಬದ ಹಿಂದಿನ ದಿನ ಬೆಳಗ್ಗೆ ನಾನು ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾದ ಸೀಸೆ ಹಿಡಿದು ಹೋದೆ. ಅಡುಗೆಮನೆಯಲ್ಲಿ ಎಲೆಕೋಸಿನ ಎಲೆಗೆ ಮಾಂಸ ಸುತ್ತಿದ ಸರ್ಮಾ ಬೇಯುತ್ತಿತ್ತು. ಒಳಕೋಣೆಯಲ್ಲಿ ಜಿವಾದಿನ್ ಕೆಂಪು ಮುಖ ಮಾಡಿಕೊಂಡು ಮಲಗಿದ್ದ. ಅಳೆದರೆ ಜ್ವರ ಮೂವತ್ತೆಂಟೂವರೆ ಡಿಗ್ರಿ ಸೆಲ್ಸಿಯಸ್.

“ಮನೆಗೆ ಬಂದು ನೋಡೋ ನರ್ಸು ಕಿಟಕಿ ತೆಗೆಸಿದ್ಲಲ್ಲ, ಅದೇ ಅಡ್ಡಗಾಳಿ,” ಎಂದಳು ಮಿಲೆವಾ. ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗಳಿಗೆ ಟವೆಲ್ ತುರುಕಿದ್ದಳು. ಗಂಡನ ಎದೆಗೆ ರಾಕಿಯಾ ತಿಕ್ಕಿ, ನೋವಿನ ಮಾತ್ರೆ ನುಂಗಿಸಿ, ವಿನೆಗರ್‌ನಲ್ಲಿ ನೆನೆಸಿದ ಉಣ್ಣೆಯ ಕಾಲುಚೀಲ ತೊಡಿಸಿದಳು. ನಮ್ಮಲ್ಲಿ ಎಲ್ಲ ತಾಯಂದಿರೂ ಮಾಡುವುದು ಇದನ್ನೇ. ಸ್ವಲ್ಪ ಹೊತ್ತಿಗೆ ಮೈ ತಣ್ಣಗಾಯಿತು.

“ನೋಡಿದ್ಯಾ ಕೂಮಾ, ನಾಳೆ ನಿಲ್ತೀನಿ,” ಎಂದ ಜಿವಾದಿನ್. “ಆಸ್ಪತ್ರೆಯವರೇ ನಡಿ ಅಂದಿದಾರೆ. ನಡೆಯೋನಿಗೆ ನಿಲ್ಲೋದೇನು ಕಷ್ಟ?”

ಅಂಗಿ ಎತ್ತಿದ. ಬೆಳಗ್ಗೆ ಮಿಲೆವಾ ಗಾಯದ ಪಟ್ಟಿ ಬದಲಾಯಿಸಿದ್ದಳಂತೆ. ಪಟ್ಟಿಯ ಅಂಚನ್ನು ದಾಟಿ ಕೆಂಪು ಹರಡಿತ್ತು. ಮುಟ್ಟದೆಯೂ ಅದರ ಕಾವು ತಿಳಿಯುತ್ತಿತ್ತು. ಮಿಲೆವಾ ಅದರ ಮೇಲೆ ಜಜ್ಜಿದ ಕೋಸಿನ ಎಲೆ ಇಡಲೇ ಎಂದಳು. ಆಮೇಲೆ, ಹಿಂದೆ ಹಲ್ಲು ಕೀಳಿಸಿದಾಗ ಉಳಿದಿದ್ದ ಆಂಟಿಬಯೋಟಿಕ್ ಗುಳಿಗೆಗಳನ್ನು ತಂದು ಅಂಗೈಯಲ್ಲಿ ಇಟ್ಟುಕೊಂಡಳು.

“ಅವರು ಕೊಡದಿದ್ರೆ ನಾನು ಕೊಡ್ತೀನಿ. ಕೊಡ್ಲಾ ಕೂಮಾ?”

ನಾನು ಗೋಡೆಯ ಮೇಲಿದ್ದ ಸಂತನ ಪಟವನ್ನು ನೋಡಿದೆ, ಗುಳಿಗೆ ನೋಡಿದೆ, ಅವನ ಹೊಟ್ಟೆ ನೋಡಿದೆ. ಬೇಡ ಎನ್ನಲು ನನಗೇನು ಗೊತ್ತು? ಕೊಡು ಎನ್ನಲು ತಾನೆ ಏನು ಗೊತ್ತು? ಲೆಪೊಸಾವಾಳ ಹಾಸಿಗೆಯ ಸುತ್ತಲೂ ಹೀಗೆಯೇ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಅಷ್ಟರಲ್ಲಿ ಗೇಟು ಸದ್ದಾಯಿತು. ಮನೆಮನೆಗೆ ಬಂದು ರೋಗಿಗಳನ್ನು ನೋಡುವ ನರ್ಸ್ ನೆವೆಂಕಾ. ಮಿಲೆವಾ ಗಂಡನ ಕಾಲುಚೀಲ ಎಳೆದು ಮಂಚದ ಕೆಳಗೆ ಒದ್ದಳು. ಗುಳಿಗೆ ಏಪ್ರನ್ನಿನ ಜೇಬು ಸೇರಿತು.

“ಏನು ಚಿಕ್ಕಮ್ಮ, ವಿನೆಗರ್ ಘಾಟು ರಸ್ತೆವರೆಗೂ ಬರ್ತಿದೆ?”

“ಚಳಿಗಾಲಕ್ಕೆ ಮೆಣಸಿನಕಾಯಿ ಉಪ್ಪಿನಕಾಯಿ ಹಾಕ್ತಿದೀನಿ.”

“ಮಲಗೋ ಕೋಣೇಲಾ?”

ಜಿವಾದಿನ್ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. ನೆವೆಂಕಾ ಅವನ ಜ್ವರ ಅಳೆದಳು. ಮೂವತ್ತೇಳರ ಮೇಲೆ ಸ್ವಲ್ಪ.

“ನೋಡಮ್ಮ, ಏನೂ ಇಲ್ಲ,” ಎಂದಳು ಮಿಲೆವಾ.

“ಬೆಳಗ್ಗೆ ಮೂವತ್ತೆಂಟೂವರೆ ಇತ್ತು ಮಗಳೇ, ಮಾತ್ರೆ ಕೊಟ್ಟಮೇಲೆ ಇಳೀತು,” ಎಂದೆ.

“ಕೂಮಾ!” ಎಂದು ಮಿಲೆವಾ ನನ್ನನ್ನು ಸುಡುವಂತೆ ನೋಡಿದಳು. “ನಿನ್ನ ಬಾಯಿಗೆ ಸರ್ಮಾ ತುರುಕಬೇಕಿತ್ತು.”

ನೆವೆಂಕಾ ಕೈ ತೊಳೆದುಕೊಂಡು ಬಂದು ಗಾಯದ ಪಟ್ಟಿ ಬಿಚ್ಚಿದಳು. ಒಂದು ಹೊಲಿಗೆಯ ಸಂದಿಯಿಂದ ಮಬ್ಬು ಬಣ್ಣದ ನೀರು ಒಸರುತ್ತಿತ್ತು. ಅವಳು ಬೈಯಲಿಲ್ಲ. ಮಂಚದ ಅಂಚಿನಲ್ಲಿ ಕೂತಳು.

“ಚಿಕ್ಕಮ್ಮ, ಇದು ಗಾಳಿಯಿಂದ ಬಂದ ಜ್ವರ ಅಲ್ಲ. ಗಾಯದಲ್ಲಿ ಕ್ರಿಮಿ ಸೇರಿದೆ. ಜ್ವರ ಅಂದ್ರೆ ಮೈ ಕೂಗೋದು. ನೀವು ಮಾತ್ರೆ ಕೊಟ್ಟು, ಕಾಲುಚೀಲ ಹಾಕಿ ಕೂಗಿಗೆ ಬಾಯಿ ಕಟ್ಟಿದ್ರಿ. ಒಳಗಿರೋದು ಹಾಗೇ ಬೆಳೀತಾ ಇರುತ್ತೆ.”

“ಒಂದೇ ಸೂಜಿ ಕೊಟ್ರೆ ಇನ್ನೇನಾಗುತ್ತೆ!”

“ನನಗೂ ಮೊದಲು ಹಾಗೇ ಅನ್ನಿಸಿತ್ತು. ನಾವು ಕಲಿಯೋವಾಗ ವಾರಗಟ್ಟಲೆ ಕೊಡ್ತಿದ್ರು. ಈಗ ಸಾವಿರಾರು ರೋಗಿಗಳನ್ನ ಹೋಲಿಸಿ ನೋಡಿದಾರೆ. ಕೊಯ್ಯೋಕೆ ಮುಂಚೆ ಸರಿಯಾದ ಹೊತ್ತಿಗೆ ಕೊಟ್ರೆ ಸಾಕು, ಆಮೇಲೆ ದಿನಗಟ್ಟಲೆ ಮುಂದುವರಿಸಿದ್ರೆ ಸೋಂಕು ಕಡಿಮೆ ಆಗಲ್ಲ, ಕ್ರಿಮಿಗಳು ಆ ಔಷಧಿಗೆ ಜಗ್ಗದ ಹಾಗಾಗುತ್ವೆ. ಹಾಗಂತ ಸೋಂಕು ಆಗೋದೇ ಇಲ್ಲ ಅಂತಲ್ಲ. ಆದಾಗ ಬೇಗ ತೋರಿಸಬೇಕು.”

ಮಿಲೆವಾ ಜೇಬಿನಿಂದ ಗುಳಿಗೆ ತೆಗೆದು ಮೇಜಿನ ಮೇಲಿಟ್ಟಳು. “ಇದು ಕೊಟ್ರೆ ಆಗಲ್ವಾ?”

“ಯಾವ ಕ್ರಿಮಿ ಅಂತಲೇ ಗೊತ್ತಿಲ್ಲದೆ? ಮೇಲಿನ ಚರ್ಮದ್ದೋ, ಒಳಗೆ ಕರುಳಿನ ಹತ್ತಿರದ್ದೋ ಅಂತ ನನಗೂ ಗೊತ್ತಾಗ್ತಿಲ್ಲ. ಕೇಳೋಣ.” ಅಲ್ಲಿಂದಲೇ ಶಸ್ತ್ರಚಿಕಿತ್ಸೆಯ ವಿಭಾಗಕ್ಕೆ ಫೋನ್ ಮಾಡಿದಳು. ಈಗಲೇ ಕರೆದುಕೊಂಡು ಬನ್ನಿ ಎಂದರು.

ಜಿವಾದಿನ್ ಕಂಬಳಿ ಎಳೆದುಕೊಂಡ. “ನಾಡಿದ್ದು ಬರ್ತೀನಿ. ನಾಳೆ ನನ್ನ ಹಬ್ಬ. ನಾನಿಲ್ಲದೆ ಬತ್ತಿಯ ಪಕ್ಕ ಯಾರು ನಿಲ್ತಾರೆ, ಬೆಕ್ಕಾ?”

“ಮಾವ, ಸೋಂಕು ರಕ್ತಕ್ಕೆ ಇಳಿದ್ರೆ ಜೀವಕ್ಕೇ ಕುತ್ತು ಬರುತ್ತೆ. ಇಳೀದಿದ್ರೂ, ಗಾಯ ಮಾಯೋವರೆಗೂ ಕ್ಯಾನ್ಸರಿನ ಔಷಧಿ ಶುರು ಮಾಡೋಕಾಗಲ್ಲ.”

ಅವನು ಗೋಡೆಯ ಕಡೆ ತಿರುಗಿದ. ನೆವೆಂಕಾ ನನ್ನನ್ನು ನೋಡಿದಳು. ನನಗೆ ಕ್ರಿಮಿಯ ವಿಷಯ ಗೊತ್ತಿಲ್ಲ. ಆದರೆ ಚರ್ಚಿನಲ್ಲಿ ಕೇಳಿದ್ದು ಗೊತ್ತಿತ್ತು.

“ಜಿವಾದಿನ್, ಆ ಪಟದಲ್ಲಿರೋರು ಯಾರು?”

“ತಲೆ ಕೆಟ್ಟಿದ್ಯಾ? ಸಂತ ಲೂಕ.”

“ಏನು ಕೆಲಸ ಮಾಡ್ಕೊಂಡಿದ್ರು?”

ಮಿಲೆವಾ ಹೇಳಿದಳು: “ವೈದ್ಯರು.”

“ವೈದ್ಯರ ಹಬ್ಬ ಅಂತ ಹೇಳಿ ವೈದ್ಯರಿಂದಲೇ ತಪ್ಪಿಸ್ಕೊಂಡು ಕೂತ್ರೆ, ನಾಳೆ ಅವರ ಮುಂದೆ ಯಾವ ಮುಖ ಇಟ್ಕೊಂಡು ಬತ್ತಿ ಹಚ್ತೀಯೋ?”

ಮಿಲೆವಾ ಎದ್ದು ಹೋದಳು. ಕೋಪ ಬಂತೆಂದುಕೊಂಡೆ. ಅವಳು ಗಂಡನ ಕೋಟು ಹಿಡಿದು ಬಂದಳು.

“ಏಳಿ. ನಾಳೆ ನಾನು ನಿಲ್ತೀನಿ.”

ಅಂದು ಆಸ್ಪತ್ರೆಯಲ್ಲಿ ಗಾಯದ ಒಂದು ಭಾಗ ತೆರೆದು ಕೀವು ತೆಗೆದರು. ಸೋಂಕು ಒಳಗಿಳಿದಿರಲಿಲ್ಲ. ಕೀವನ್ನು ಪರೀಕ್ಷೆಗೆ ಕಳಿಸಿದರು. ಆಮೇಲೆ ತಿಳಿಯಿತು, ಮಿಲೆವಾಳ ಅಂಗೈಯಲ್ಲಿದ್ದ ಗುಳಿಗೆ ಆ ಕ್ರಿಮಿಯ ಮೇಲೆ ಏನೂ ಕೆಲಸ ಮಾಡುತ್ತಿರಲಿಲ್ಲ.

ಮರುದಿನ ಪಾದ್ರಿ ಬಂದು ಹಬ್ಬದ ರೊಟ್ಟಿ ಕತ್ತರಿಸಿದಾಗ ಮಿಲೆವಾ ಬತ್ತಿಯ ಪಕ್ಕದಲ್ಲಿ ನಿಂತಿದ್ದಳು. ಬಂದವರಿಗೆಲ್ಲ ನಿಂತೇ ಬಡಿಸಿದಳು. ಯಾರೋ ಕೇಳಿದರು, “ಯಜಮಾನ ಎಲ್ಲಿ?” “ಸಂತ ಲೂಕರ ಮನೆಯಲ್ಲಿ,” ಎಂದಳು. ಮಧ್ಯಾಹ್ನ ಜಿವಾದಿನ್ ಫೋನ್ ಮಾಡಿದ. “ಕೂಮಾ, ಇಲ್ಲಿ ಕಾರಿಡಾರಿನಲ್ಲಿ ನಡಿ ನಡಿ ಅಂತಾರೆ. ನಾನು ಕಿಟಕಿ ಹತ್ತಿರ ನಿಂತ್ಕೊಂಡಿದೀನಿ. ಅತಿಥಿಗಳು ಹೋದಮೇಲೆ ಹೇಳು, ಕೂತ್ಕೋತೀನಿ.” ಆ ಕಿಟಕಿ ತೆರೆದಿತ್ತಂತೆ.

ಗಾಯ ಮಾಯ್ದ ಮೇಲೆ ಅವನಿಗೆ ಮುಂದಿನ ಔಷಧ ಶುರುವಾಯಿತು. ಅಂದು ನಾನು ಸತ್ತವರ ನೆನಪಿಗೆ ಬೇಯಿಸುವ ಸಿಹಿ ಗೋಧಿಯನ್ನು ಒಂದು ಬಟ್ಟಲು ಒಯ್ದು ಲೆಪೊಸಾವಾಳ ಸಮಾಧಿಯ ಮೇಲಿಟ್ಟೆ. ಅವಳಿಗೆ ಎಲ್ಲವನ್ನೂ ಹೇಳಿದೆ.

ಈಗ ನಿಮಗೂ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಆಗಿದ್ದು ಆಮೇಲೆ ಜ್ವರ ಬಂದರೆ, ಗಾಯ ಕೆಂಪಾದರೆ, ಊದಿಕೊಂಡರೆ, ಒಸರಿದರೆ, ನೋವು ಹೆಚ್ಚುತ್ತ ಹೋದರೆ ಕಿಟಕಿಯನ್ನು ಬೈಯಬೇಡಿ. ಜ್ವರವನ್ನು ಮುಚ್ಚಿಡಬೇಡಿ. ಉಳಿದ ಗುಳಿಗೆಗಳನ್ನು ಹುಡುಕಬೇಡಿ. ಆಪರೇಷನ್ ಮಾಡಿದವರಿಗೆ ಅಂದೇ ತಿಳಿಸಿ. ಏನೂ ಗೊತ್ತಾಗದೆ ನಿಂತಿದ್ದೀರಾ? ನಾನೂ ಹಾಗೆಯೇ ನಿಂತಿದ್ದೆ. ಗೊತ್ತಿಲ್ಲ ಎಂದು ಕೇಳುವುದಕ್ಕೆ ನಾಚಬೇಡಿ. ಬದುಕಿರುವವರಿಗೆಂದು ಹಚ್ಚಿದ ಬತ್ತಿ ಅದರ ಜಾಗದಲ್ಲೇ ಉರಿಯಲಿ.